ಕಂಬ ಹತ್ತಿದ ಹಸಿವು

ಕಳೆದ ವಾರ ಮನೆಗೆ ಸುಣ್ಣಬಣ್ಣ ಮಾಡಿಸೋಣವೆಂದು ಅಟ್ಟದ ಮೇಲಿನ ಸಾಮಾನು ಕೆಳಗಿಳಿಸುತ್ತಿದ್ದೆ. ಗೋಣಿಚೀಲವೊಂದರಿಂದ ನನ್ನ ಹಳೆಯ ಬೆಲ್ಟು ಜಾರಿ ಕಾಲ ಮೇಲೆ ಬಿತ್ತು. ಪ್ಯಾಂಟಿಗೆ ಹಾಕುವ ಬೆಲ್ಟಲ್ಲ. ಕರೆಂಟ್ ಕಂಬ ಹತ್ತುವವರು ಸೊಂಟಕ್ಕೆ ಬಿಗಿದುಕೊಳ್ಳುವ, ಅಂಗೈ ಅಗಲದ ತೊಗಲಿನ ಬೆಲ್ಟು. ರಿಟೈರ್ ಆಗುವವರೆಗೂ ನಾನು ಲೈನ್‌ಮ್ಯಾನ್. ಬೆಲ್ಟಿನ ಧೂಳು ಕೊಡವಿ ತೂತುಗಳನ್ನು ಎಣಿಸಿದೆ. ಕಂಪನಿಯವರು ಹೊಡೆದ ತೂತು ಏಳು. ಸಾಲಾಗಿ, ಅಚ್ಚುಕಟ್ಟಾಗಿ ಇವೆ. ಎಂಟನೆಯದು ಮಾತ್ರ ತುದಿಗೆ ತೀರ ಹತ್ತಿರ, ಸೊಟ್ಟಗೆ. ಅದನ್ನು ಹೊಡೆದುಕೊಟ್ಟವನು ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಪಕ್ಕ ಚಪ್ಪಲಿ ಹೊಲೆಯುತ್ತಿದ್ದ ಒಬ್ಬ ಅಜ್ಜ. ಹೊಡೆಯುವಾಗ ಅವನು ನನ್ನ ಹೊಟ್ಟೆಯನ್ನೂ ಬೆಲ್ಟನ್ನೂ ಎರಡೆರಡು ಸಲ ನೋಡಿ, ಇದರಾಚೆಗೆ ತೊಗಲಿಲ್ಲ ಕಣಪ್ಪ, ಇನ್ನು ನೀನೇ ನಿಲ್ಲಬೇಕು ಅಂದಿದ್ದ.

ನಾನು ನಿಲ್ಲಲಿಲ್ಲ. ಆ ಕಥೆಯನ್ನೇ ನಿಮಗೆ ಹೇಳಬೇಕು.

ನಾನು ಹುಟ್ಟಾ ದಪ್ಪಗಿನವನಲ್ಲ. ಶಾಲೆಯಲ್ಲಿ ನನ್ನ ಅಡ್ಡಹೆಸರು ಕಡ್ಡಿ. ನಮ್ಮಪ್ಪ ಕುರಿ ಕಾಯುತ್ತಿದ್ದ. ರಜೆ ದಿನ ನಾನೂ ಅವನ ಹಿಂದೆ ಹೋಗುತ್ತಿದ್ದೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರೆ ಬಿಸಿಲೇರುವ ಮೊದಲೇ ಗಂಟು ಬರಿದು. ಆಮೇಲೆ ಕಾರೆಹಣ್ಣು, ಬಾರೆಹಣ್ಣು, ಯಾರದೋ ಹೊಲದ ಹಸಿ ಶೇಂಗಾ. ಇಷ್ಟೆಲ್ಲ ತಿಂದರೂ ಬೆನ್ನಿನ ಮೂಳೆ ಎಣಿಸಬಹುದಿತ್ತು. ನಮ್ಮ ಕಡೆ ದಪ್ಪ ಅನ್ನುವುದು ಬೈಗುಳವಲ್ಲ, ಹಾರೈಕೆ. ನೆಂಟರು ಬಂದರೆ ಮೊದಲು ನೋಡುವುದು ಮೈ ತುಂಬಿಕೊಂಡಿದೆಯೋ ಇಲ್ಲವೋ ಅಂತ. ನನ್ನನ್ನು ನೋಡಿದವರೆಲ್ಲ ಅವ್ವನಿಗೆ, ಹುಡುಗನಿಗೆ ಜಂತುಹುಳ ಇರಬೇಕು ನೋಡು ಅನ್ನುತ್ತಿದ್ದರು. ಅವ್ವ ನನಗೆ ಕುಡಿಸದ ಕಷಾಯವಿಲ್ಲ.

ಕೆಲಸ ಸಿಕ್ಕಿದ್ದು ಎಂಬತ್ತರ ದಶಕದ ಮೊದಲಿಗೆ, ಮೊಳಕಾಲ್ಮೂರಿನಲ್ಲಿ. ಊರು ಸಣ್ಣದು, ಲೈನು ಉದ್ದ. ಊರೊಳಗೆ ಮಗ್ಗದ ಸದ್ದು, ಊರಾಚೆ ಬರೀ ಬಂಡೆ. ಜಟಿಂಗ ರಾಮೇಶ್ವರ ಬೆಟ್ಟದ ತಪ್ಪಲಿನವರೆಗೂ ನಮ್ಮ ಕಂಬಗಳು ಬಂಡೆ ಹತ್ತಿ ಇಳಿದು ಹೋಗಿದ್ದವು. ಎಲ್ಲಿ ತಂತಿ ಕಡಿದಿದೆ ಅಂತ ನಡೆದೇ ಹುಡುಕಬೇಕು. ಹೆಗಲ ಮೇಲೆ ಹಗ್ಗ, ಸೊಂಟಕ್ಕೆ ಇದೇ ಬೆಲ್ಟು, ಮೂರನೆಯ ತೂತು. ದಿನಕ್ಕೆ ಮೂರು ಹೊತ್ತು ಎರಡೆರಡು ಮುದ್ದೆ ಉಣ್ಣುತ್ತಿದ್ದೆ. ಐವತ್ತೊಂಬತ್ತು ಕೇಜಿ ಇದ್ದೆ. ಅಳಿಲು ಹತ್ತಿದ ಹಾಗೆ ಕಂಬ ಹತ್ತುತ್ತಿದ್ದೆ ಅಂತ ನಾನೇ ಹೇಳಿಕೊಂಡರೆ ನೀವು ನಂಬಲಿಕ್ಕಿಲ್ಲ, ಆದರೆ ಆಗ ಕೆಳಗೆ ನಿಂತು ನೋಡಿದವರು ಈಗಲೂ ಇಬ್ಬರು ಮೂವರು ಇದ್ದಾರೆ.

ನಾಲ್ಕು ವರ್ಷದ ಮೇಲೆ ಚಳ್ಳಕೆರೆಗೆ ವರ್ಗವಾಯಿತು. ಅಲ್ಲಿಂದ ಶುರು.

ಚಳ್ಳಕೆರೆಯಲ್ಲಿ ಗಾಳಿ ಬೀಸಿದರೆ ಎಣ್ಣೆ ಮಿಲ್ಲಿನ ವಾಸನೆ ಬರುತ್ತದೆ, ಅದರಲ್ಲೂ ಆ ಕಾಲದಲ್ಲಿ. ಬಿಸಿ ಶೇಂಗಾ ಹಿಂಡಿಯ ಆ ವಾಸನೆಗೆ ಉಂಡವನಿಗೂ ಹಸಿವಾಗುತ್ತದೆ. ನಮ್ಮ ಸೆಕ್ಷನ್ ಆಫೀಸಿನ ಎದುರಿಗೇ ಒಂದು ತಳ್ಳುಗಾಡಿ. ಸಂಜೆ ನಾಲ್ಕಕ್ಕೆ ಬಾಣಲೆ ಏರಿದರೆ ಮೆಣಸಿನಕಾಯಿ ಬಜ್ಜಿ, ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿಯ ಗುಡ್ಡೆ. ಓಡಾಟಕ್ಕೆ ಮೊಪೆಡ್ ಬಂತು. ಪೇಟೆಯ ಕಂಬಗಳೆಲ್ಲ ರಸ್ತೆಯ ಪಕ್ಕಕ್ಕೇ ಇದ್ದವು. ಮೊಪೆಡ್ ನಿಲ್ಲಿಸಿದರೆ ಕಾಲಿಗೇ ತಾಗುತ್ತಿದ್ದವು. ಆಮೇಲೆ ಮದುವೆಯಾಯಿತು. ಬೋರಮ್ಮ ಮೊಳಕಾಲ್ಮೂರಿನ ಹೆಣ್ಣು, ನೇಕಾರರ ಬೀದಿಯ ಪಕ್ಕದವಳು. ಅವಳ ಕೈಯಡಿಗೆಗೆ ನಮ್ಮವ್ವ ಕೂಡ ಸೋತಿದ್ದಳು ಅಂದರೆ ನಾನು ಯಾವ ಲೆಕ್ಕ. ಮುದ್ದೆ ಎರಡೇ ಇತ್ತು, ನಿಜ. ಅದರ ಮೇಲೆ ಬಜ್ಜಿ ಸೇರಿತು, ಮೊಪೆಡ್ ಸೇರಿತು, ಮಧ್ಯಾಹ್ನದ ನಿದ್ದೆ ಸೇರಿತು. ನಾಲ್ಕನೆಯ ತೂತು, ಐದು, ಆರು. ಏಳನೆಯದಕ್ಕೆ ಬಂದಾಗ ಬೆಲ್ಟೇ ಒಣಗಿ ಕುಗ್ಗಿದೆ ಅಂತ ಅದಕ್ಕೆ ಶೇಂಗಾ ಎಣ್ಣೆ ಸವರಿದೆ.

ನನ್ನ ಜೊತೆಗಾರ ಓಬಳೇಶ. ನನಗಿಂತ ಒಂದು ವರ್ಷ ದೊಡ್ಡವನು, ವರವು ಕಾವಲು ಅನ್ನುವ ಹುಲ್ಲುಗಾವಲಿನ ಅಂಚಿನ ಒಂದು ಹಟ್ಟಿಯವನು. ಒಂದೇ ಕಂಬಕ್ಕೆ ಇಬ್ಬರೂ ಹೋಗುತ್ತಿದ್ದೆವು. ಒಬ್ಬ ಮೇಲೆ, ಒಬ್ಬ ಕೆಳಗೆ. ಓಬಳೇಶ ಕೂತರೆ ನಾಲ್ಕು ಮುದ್ದೆ, ಮೇಲೆ ಅನ್ನ, ಸಂಜೆ ನನ್ನ ಜೊತೆ ಬಜ್ಜಿ. ಆದರೂ ಅವನ ಅಂಗಿ ಬಡಿಗೆಗೆ ತೂಗುಹಾಕಿದಂತಿತ್ತು. ನನಗೆ ಅವನ ಮೇಲೆ ಒಳಗೊಳಗೇ ಸಿಟ್ಟು. ದೇವರು ಒಬ್ಬನಿಗೆ ಬಾಯಿ ಕೊಟ್ಟು ಇನ್ನೊಬ್ಬನಿಗೆ ಹೊಟ್ಟೆ ಕೊಟ್ಟ ಅನ್ನಿಸುತ್ತಿತ್ತು.

ಒಂದು ದಿನ ಎಣ್ಣೆ ಮಿಲ್ಲೊಂದರಲ್ಲಿ ಫ್ಯೂಸ್ ಕಟ್ಟಲು ಹೋದಾಗ ಚೀಲ ತೂಗುವ ಮಿಷನ್ ಮೇಲೆ ಓಬಳೇಶ ನನ್ನನ್ನು ಹತ್ತಿಸಿದ. ಎಂಬತ್ತಮೂರು. ಬೀಜದ ಚೀಲ ಎಂಬತ್ತು ಕೇಜಿ, ನೀನು ಚೀಲದ ಮೇಲೆ ಮೂರು ಅಂತ ಅವನು ನಕ್ಕ, ಹಮಾಲರೂ ನಕ್ಕರು. ನಾನೂ ನಕ್ಕೆ. ಅದರ ಮರುವಾರವೇ ಎಂಟನೆಯ ತೂತಿಗೂ ಬೆಲ್ಟಿನ ಕೊಂಡಿ ತಲುಪಲಿಲ್ಲ. ಸೆಕ್ಷನ್ ಆಫೀಸರು ಕಿಟಕಿಯಿಂದ ನೋಡುತ್ತಿದ್ದರು. ಒಳಗೆ ಕರೆದು, ಬೈಯದೆ, ಇನ್ನು ಮೇಲೆ ನೀನು ಕಂಬ ಹತ್ತುವುದು ಬೇಡ, ಆಫೀಸಿನಲ್ಲೇ ಕೂತು ಕಂಪ್ಲೇಂಟ್ ಪುಸ್ತಕ ಬರಿ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಕಂಪ್ಲೇಂಟ್ ಪುಸ್ತಕ ಬರೆಯುವುದೆಂದರೆ ದಿನವಿಡೀ ಫೋನಿನಲ್ಲಿ ಊರವರ ಬೈಗುಳ ಕೇಳುವ ಕೆಲಸ. ಕಾಲು ಮುರಿದವರಿಗೆ, ವಯಸ್ಸಾದವರಿಗೆ ಕೊಡುವಂಥದು. ನನಗಾಗ ಮೂವತ್ತೆರಡು ವರ್ಷ. ಮನೆಯಲ್ಲಿ ಮೂರು ತಿಂಗಳ ಮಗಳು. ಎರಡು ತಿಂಗಳು ಟೈಮ್ ಕೊಡಿ ಸಾರ್ ಅಂತ ಕೇಳಿಕೊಂಡೆ. ಅವರು ಆಗಲಿ ಅಂದರು.

ತೂಕ ಇಳಿಸುವುದು ಹೇಗೆ ಅಂತ ಆಗ ಯಾರನ್ನು ಕೇಳುವುದು? ಕ್ಷೌರದಂಗಡಿಯಲ್ಲಿ ಒಂದು ಹಳೆಯ ವಾರಪತ್ರಿಕೆ ಸಿಕ್ಕಿತು. ಅದರಲ್ಲಿ ಒಂದು ಪುಟ ಹರಿದಿತ್ತು. ಉಳಿದ ಪುಟದಲ್ಲಿ, ತಿನ್ನುವುದನ್ನು ಕಡಿಮೆ ಮಾಡಿದರೆ ಕೊಬ್ಬು ಕರಗುತ್ತದೆ ಅಂತಿತ್ತು. ಹರಿದುಹೋದ ಪುಟದಲ್ಲಿ ಏನಿತ್ತೋ ನನಗೆ ಬೇಕಾಗಿರಲಿಲ್ಲ. ಕಡಿಮೆ ಮಾಡಿದರೇ ಇಷ್ಟು ಅಂದಮೇಲೆ ಬಿಟ್ಟೇಬಿಟ್ಟರೆ ಎಷ್ಟು ಬೇಗ ಆಗಬೇಕು ಅಂತ ನಾನೇ ಒಂದು ಗಣಿತ ಮಾಡಿಕೊಂಡೆ. ಬೆಳಿಗ್ಗೆ ಬರೀ ಟೀ. ಮಧ್ಯಾಹ್ನ ಒಂದು ಹಿಡಿ ಮಂಡಕ್ಕಿ, ಒಣದು. ಸಂಜೆ ಒಂದು ಚೊಂಬು ನೀರು ಮಜ್ಜಿಗೆ. ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದ ಅವ್ವ ಎರಡು ದಿನ ನೋಡಿ, ಯಾವ ದೇವರಿಗೆ ಹರಕೆ ಹೊತ್ತಿದ್ದೀಯ ಅಂತ ಕೇಳಿದಳು. ಹೊಟ್ಟೆ ಇಳಿಸೋಕೆ ಅಂದೆ. ಅವ್ವನಿಗೆ ಅದು ಅರ್ಥವಾಗಲಿಲ್ಲ. ಬಂದ ಹೊಟ್ಟೆಯನ್ನು ಯಾರಾದರೂ ಬೇಡ ಅಂತಾರಾ ಅನ್ನುವಂತೆ ನನ್ನ ಮುಖ ನೋಡಿದಳು. ಬೋರಮ್ಮ ತಟ್ಟೆ ಇಟ್ಟು, ನಾನು ಬೇಡವೆಂದು ಕೈಯಾಡಿಸಿದರೆ ತಟ್ಟೆ ಎತ್ತಿಡುತ್ತಿದ್ದಳು.

ಮೊದಲ ಹದಿನೆಂಟು ದಿನದಲ್ಲಿ ಆರು ಕೇಜಿ ಇಳಿಯಿತು. ಅಬ್ಬಾ, ಆ ಹದಿನೆಂಟು ದಿನ ನನ್ನ ಗತ್ತು ನೀವು ನೋಡಬೇಕಿತ್ತು. ಮಿಲ್ಲಿನ ಮಿಷನ್ ಮೇಲೆ ಹಮಾಲರನ್ನು ಕರೆದು ಕರೆದು ತೋರಿಸಿದೆ. ಟೀ ಅಂಗಡಿಯಲ್ಲಿ ದಪ್ಪಗಿನವರು ಯಾರಾದರೂ ಕಂಡರೆ ಕೇಳದಿದ್ದರೂ ಉಪದೇಶ ಮಾಡಿದೆ. ಬಜ್ಜಿ ಗಾಡಿಯವನಿಗೆ, ಇದು ವಿಷ ಕಣಪ್ಪ ಅಂತ ಅವನ ಗಿರಾಕಿಗಳ ಎದುರಿಗೇ ಹೇಳಿದೆ. ಬೆಲ್ಟಿನ ಕೊಂಡಿ ಎಂಟನೆಯ ತೂತಿಗೆ ಬಂತು, ಒಂದು ದಿನ ಉಸಿರು ಬಿಗಿಹಿಡಿದರೆ ಏಳಕ್ಕೂ ಬಂತು.

ಆಮೇಲೆ ಮುಳ್ಳು ನಿಂತುಬಿಟ್ಟಿತು. ಎಪ್ಪತ್ತೇಳು. ಒಂದು ವಾರ ಎಪ್ಪತ್ತೇಳು, ಇನ್ನೊಂದು ವಾರ ಎಪ್ಪತ್ತೇಳು. ಮಿಷನ್ ಕೆಟ್ಟಿದೆ ಅಂತ ಬೇರೆ ಮಿಲ್ಲಿಗೆ ಹೋದೆ, ಅಲ್ಲಿ ಎಪ್ಪತ್ತೇಳೂವರೆ. ಮಂಡಕ್ಕಿಯನ್ನು ಅರ್ಧ ಹಿಡಿ ಮಾಡಿದೆ. ಮುಳ್ಳು ಅಲ್ಲಾಡಲಿಲ್ಲ.

ಬೇರೆ ಏನೇನೋ ಆಗತೊಡಗಿತು. ಮಾರ್ಚ್ ತಿಂಗಳ ಚಳ್ಳಕೆರೆ ನಿಮಗೆ ಗೊತ್ತಲ್ಲ, ನೆರಳಿಗೂ ನೆರಳು ಬೇಕು ಅನ್ನುವಂಥ ಬಿಸಿಲು. ಅಂಥದರಲ್ಲಿ ನನಗೆ ಚಳಿ. ಮಧ್ಯಾಹ್ನ ಎರಡು ಗಂಟೆಗೆ ಅಪ್ಪನ ಹಳೆಯ ಕಂಬಳಿ ಹೊದ್ದು ಜಗುಲಿಯ ಮೇಲೆ ಕೂತಿದ್ದೆ. ಹಾದುಹೋಗುವವರು ಜ್ವರವಾ ಅಂತ ಕೇಳುತ್ತಿದ್ದರು. ಕೈಬೆರಳು ತಣ್ಣಗೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಎರಡು ಮೆಟ್ಟಿಲು ಹತ್ತಿದರೆ ಕೂರಬೇಕು ಅನ್ನಿಸುತ್ತಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಗು ಅಳುವುದು ಹೆಚ್ಚಾಗಿತ್ತು. ಎಷ್ಟು ಹಾಲು ಕುಡಿಸಿದರೂ ಮತ್ತೆ ಅಳು. ಇದೇನು ಮಗುವಾ, ಸೈರನ್ನಾ ಅಂತ ಬೋರಮ್ಮನ ಮೇಲೆ ಹರಿಹಾಯ್ದೆ. ಒಂದು ದಿನ ಓಬಳೇಶ ನನ್ನೆದುರು ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ ಮುರಿದ. ನನ್ನ ಎದುರು ತಿನ್ನಬೇಡ, ಎದ್ದು ಆಚೆ ಹೋಗು ಅಂತ ಕೂಗಿದೆ. ಅವನು ಬುತ್ತಿ ಕಟ್ಟಿಕೊಂಡು ಬೇವಿನ ಮರದ ಕೆಳಗೆ ಹೋದ. ಹತ್ತು ವರ್ಷದ ಗೆಳೆತನದಲ್ಲಿ ನಾನು ಅವನಿಗೆ ಹಾಗೆ ಕೂಗಿದ್ದು ಅದೇ ಮೊದಲು.

ಇದರ ನಡುವೆ ಹಾನಗಲ್ ಕ್ರಾಸಿನ ಹತ್ತಿರ ನೆಂಟರ ಮನೆಯಲ್ಲಿ ಬೀಗರೂಟ. ಬರೀ ಮಜ್ಜಿಗೆ ಕುಡಿದು ಬರುತ್ತೇನೆ ಅಂತ ಹೋದೆ. ಪಂಕ್ತಿಯಲ್ಲಿ ಕೂತದ್ದು ನೆನಪಿದೆ, ಎದ್ದದ್ದು ನೆನಪಿಲ್ಲ. ಬಡಿಸುವವರು ನನ್ನ ಎಲೆಯ ಹತ್ತಿರವೇ ಬಕೆಟ್ ಇಟ್ಟುಕೊಂಡು ನಿಂತಿದ್ದರಂತೆ. ಆಮೇಲೆ ಎರಡು ದಿನವೂ ಕೈ ನಿಲ್ಲಲಿಲ್ಲ, ಕಂಡದ್ದೆಲ್ಲ ತಿಂದೆ. ಮೂರೇ ದಿನದಲ್ಲಿ ಎಪ್ಪತ್ತೊಂಬತ್ತೂವರೆ. ಏಳು ವಾರ ಹೊಟ್ಟೆ ಕಟ್ಟಿ ಗಳಿಸಿದ್ದರಲ್ಲಿ ಅರ್ಧಕ್ಕೆ ಹತ್ತಿರ ಮೂರು ದಿನದಲ್ಲಿ ವಾಪಸ್ಸು. ನಾಚಿಕೆಗೆ ಮತ್ತೆ ಬಿಗಿ ಉಪವಾಸ. ಈ ಸಲ ಮಂಡಕ್ಕಿಯೂ ಇಲ್ಲ.

ನಾಲ್ಕನೆಯ ದಿನ ಗೌರಸಮುದ್ರದ ದಾರಿಯಲ್ಲಿ ಒಂದು ಕಂಬದ ಮೇಲೆ ತಂತಿ ಬಿಟ್ಟುಕೊಂಡಿದೆ ಅಂತ ಕಂಪ್ಲೇಂಟ್ ಬಂತು. ಸೆಕ್ಷನ್ ಆಫೀಸರು ಕೊಟ್ಟ ಎರಡು ತಿಂಗಳು ಮುಗಿಯಲು ಆರು ದಿನವಿತ್ತು. ಇವತ್ತು ನಾನೇ ಹತ್ತುತ್ತೇನೆ ಅಂದೆ. ಓಬಳೇಶ ನನ್ನ ಮುಖ ನೋಡಿದ. ಬೇಡ ಅನ್ನಲು ಬಾಯಿ ತೆರೆದವನು ಬುತ್ತಿಯ ಜಗಳ ನೆನಪಾಯಿತೇನೋ, ಏಣಿ ತರಲು ಹೋದ. ಲೈನ್ ಆಫ್ ಮಾಡಿಸಿ, ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಏಣಿ ಹಿಡಿದ. ಬೆಲ್ಟು ಬಿಗಿದೆ, ಎಂಟನೆಯ ತೂತು. ಹೆಮ್ಮೆಯಿಂದಲೇ ಹತ್ತಿದೆ.

ಏಣಿ ಮುಗಿಯುವವರೆಗೆ ಸರಿ ಇತ್ತು. ಅಲ್ಲಿಂದ ಮೇಲೆ ಕಂಬವನ್ನು ತೊಡೆಯಲ್ಲಿ ಹಿಡಿದು ಏರಬೇಕು. ತೊಡೆಗಳು ನನ್ನವಲ್ಲ ಅನ್ನಿಸಿತು. ಹೇಗೋ ತುದಿಗೆ ಹೋಗಿ ಬೆಲ್ಟಿನ ಹಗ್ಗವನ್ನು ಕಂಬಕ್ಕೆ ಸುತ್ತಿ ಕೊಂಡಿ ಹಾಕಿದೆ. ಆ ಕೊಂಡಿ ಹಾಕಿದ್ದೇ ನಾನು ಇವತ್ತು ನಿಮಗೆ ಈ ಕಥೆ ಹೇಳುತ್ತಿರುವುದಕ್ಕೆ ಕಾರಣ. ಕಟಿಂಗ್ ಪ್ಲೇಯರ್ ಎತ್ತಿದೆ. ಕೈಯಿಂದ ಜಾರಿ ಅದು ಕೆಳಗೆ ಬಿತ್ತು. ಮೊದಲು ಆಕಾಶ ಹಳದಿಯಾಯಿತು, ಆಮೇಲೆ ಕಪ್ಪು. ನಾನು ಕಂಬವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಕಿವಿಯಲ್ಲಿ ಗುಂಯ್ ಅನ್ನುವ ಶಬ್ದ. ಮನಸ್ಸಿನಲ್ಲಿ ಬಂದದ್ದು ದೇವರಲ್ಲ, ಮಗಳ ಮುಖವೂ ಅಲ್ಲ. ಬಿಸಿ ಮುದ್ದೆ, ಹುರುಳಿಕಾಳು ಸಾರು.

ಎಷ್ಟು ಹೊತ್ತೋ ಗೊತ್ತಿಲ್ಲ. ಕಾಲಿನ ಹತ್ತಿರ ಉಸಿರಾಟ ಕೇಳಿತು. ಓಬಳೇಶ ಬೆಲ್ಟಿಲ್ಲದೆ, ಬರೀ ಹಗ್ಗ ಹೆಗಲಿಗೆ ಹಾಕಿಕೊಂಡು ಹತ್ತಿ ಬಂದಿದ್ದ.

“ತಿಪ್ಪೇಶಿ, ಕೆಳಗೆ ನೋಡಬ್ಯಾಡ. ನನ್ನ ಮಕ ನೋಡು” ಅಂದ.

“ನಿನ್ನ ಮಕದಾಗೆ ಏನೈತಲೇ ನೋಡಾಕೆ” ಅಂದೆ. ದನಿ ನನಗೇ ಕೇಳಿಸಲಿಲ್ಲ.

ಅವನು ನಗಲಿಲ್ಲ. ನನ್ನ ಕಂಕುಳಿನಿಂದ ಹಗ್ಗ ಹಾಯಿಸಿ ಮೇಲಿನ ಕಬ್ಬಿಣದ ಪಟ್ಟಿಗೆ ಸುತ್ತಿದ. ಒಂದೊಂದೇ ಕಾಲನ್ನು ತನ್ನ ಕೈಯಿಂದಲೇ ಹಿಡಿದು ಕೆಳಗೆ ಕೆಳಗೆ ಇಡಿಸಿದ. ಇಳಿಯುವಷ್ಟು ಹೊತ್ತೂ ಮಾತಾಡುತ್ತಲೇ ಇದ್ದ. ಅವನ ಹಟ್ಟಿಯ ಕುರಿ ಅವಳಿ ಮರಿ ಹಾಕಿದ್ದು, ಮರಿಯೊಂದಕ್ಕೆ ಕಿವಿ ಮಾತ್ರ ಬಿಳಿ ಇದ್ದದ್ದು. ನೆಲ ಮುಟ್ಟಿದ ಮೇಲೆ ನನ್ನನ್ನು ಕಂಬಕ್ಕೆ ಒರಗಿಸಿ ಕೂರಿಸಿದ. ಬುತ್ತಿ ಬಿಚ್ಚಿ ರೊಟ್ಟಿ ಮುರಿದು ನನ್ನ ಬಾಯಿಗೇ ಇಟ್ಟ. ಈ ಸಲ ನಾನು ಕೂಗಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅವನೇ. ಬೋರಮ್ಮನಿಗೆ ಸುದ್ದಿ ಹೋಗಿ ಮಗುವನ್ನೆತ್ತಿಕೊಂಡು ಓಡಿಬಂದಳು. ಡಾಕ್ಟರಮ್ಮ ರಾಯದುರ್ಗದ ಕಡೆಯವರು. ವಯಸ್ಸಾದವರು, ಕನ್ನಡದ ನಡುವೆ ತೆಲುಗು ಬಂದುಬಿಡುತ್ತಿತ್ತು. ನಾನು ಏನು ತಿಂದೆ, ಏನು ಬಿಟ್ಟೆ ಅಂತ ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ಮಳೆ ಹೋದ ವರ್ಷ ಮನೆಯಲ್ಲಿ ಕಾಳು ಕಮ್ಮಿಯಾದರೆ ನಿಮ್ಮಮ್ಮ ಏನು ಮಾಡುತ್ತಿದ್ದಳು? ಒಲೆ ಸಣ್ಣಗೆ ಉರಿಸುತ್ತಿದ್ದಳು, ಗಂಜಿ ತೆಳ್ಳಗೆ ಮಾಡುತ್ತಿದ್ದಳು ಅಂದೆ.

“ನಿನ್ನ ಮೈನೂ ಅದೇ ಮಾಡೈತೆ ನಾಯನಾ. ಅದಕ್ಕೆ ಡಯಟ್ಟು ಗೊತ್ತಿಲ್ಲ, ಬರಗಾಲ ಅಷ್ಟೇ ಗೊತ್ತು” ಅಂದರು.

ಆಮೇಲೆ ಸಾವಧಾನವಾಗಿ ಬಿಡಿಸಿ ಹೇಳಿದರು. ನಾವು ಸುಮ್ಮನೆ ಕೂತಾಗಲೂ, ಮಲಗಿದಾಗಲೂ ಮೈ ಒಳಗೊಂದು ಒಲೆ ಉರಿಯುತ್ತಲೇ ಇರುತ್ತದಂತೆ. ಉಸಿರಾಡಲು, ಮೈ ಬೆಚ್ಚಗಿಡಲು ಅದು ಬೇಕು. ಊಟ ತೀರಾ ಕಡಿಮೆಯಾದರೆ ಮೈ ಆ ಒಲೆಯನ್ನೇ ಸಣ್ಣ ಮಾಡಿ, ಇದ್ದದ್ದರಲ್ಲಿ ದಿನ ತಳ್ಳಲು ನೋಡುತ್ತದೆ. ಅದಕ್ಕೇ ಮಾರ್ಚಿನಲ್ಲಿ ಕಂಬಳಿ. ಮೊದಲು ಇಳಿದ ಆರು ಕೇಜಿಯಲ್ಲಿ ಎಷ್ಟೋ ಪಾಲು ನೀರು. ಕೊಬ್ಬಿನ ಜೊತೆಗೆ ತೊಡೆಯ ಮಾಂಸ, ತೋಳಿನ ಮಾಂಸವೂ ಹೋಗಿದೆ. ಒಲೆ ಜೋರಾಗಿ ಉರಿಯಬೇಕಾದರೆ ಆ ಮಾಂಸವೇ ಬೇಕು. ಕಂಬ ಹತ್ತಲಿಕ್ಕೂ ಅದೇ ಬೇಕು. ಇಂಥ ಮೈಗೆ ಒಮ್ಮೆಲೇ ಬೀಗರೂಟ ಸಿಕ್ಕರೆ ಅದು ಬಿಡುತ್ತದೆಯೇ, ಮುಂದಿನ ಬರಕ್ಕೆ ಅಂತ ಕೂಡಿಡುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು, ಒಂದು ಮುದ್ದೆ ಸಾಕು. ಕಾಳು, ಸೊಪ್ಪು, ಮೊಟ್ಟೆ ಜಾಸ್ತಿ ಮಾಡು, ಬಜ್ಜಿ ಬಿಡು, ನಡಿ. ತಿಂಗಳಿಗೆ ಒಂದೋ ಒಂದೂವರೆಯೋ ಇಳಿದರೆ ಸಾಕು, ಅವಸರ ಬೇಡ ಅಂದರು. ಓಬಳೇಶ ನಾಲ್ಕು ಮುದ್ದೆ ಉಂಡರೂ ಹೀಗಿದ್ದಾನಲ್ಲ ಅಂತ ನಾನು ಬಿಡದೆ ಕೇಳಿದೆ. ಕೆಲವರಿಗೆ ಹುಟ್ಟಿನಿಂದಲೇ ಒಲೆ ಸ್ವಲ್ಪ ಜೋರು, ಆದರೆ ಒಂದು ಭಾನುವಾರ ಅವನ ಜೊತೆ ಇದ್ದು ನೋಡು ಅಂದರು.

ಇಷ್ಟರಲ್ಲಿ ಮಗು ಅಳತೊಡಗಿತು. ಬೋರಮ್ಮ ಆಚೆ ತಿರುಗಿ ಸೆರಗಿನಲ್ಲಿ ಹಾಲೂಡಿಸಿದಳು. ಎರಡು ನಿಮಿಷಕ್ಕೆ ಮಗು ಬಿಟ್ಟು ಮತ್ತೆ ಅತ್ತಿತು. ಡಾಕ್ಟರಮ್ಮ ನನ್ನನ್ನು ಬಿಟ್ಟು ಅವಳನ್ನು ನೋಡಿದರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ಬೆಳಿಗ್ಗೆಯಿಂದ ಏನು ಉಂಡೆ ತಾಯಿ ಅಂತ ಕೇಳಿದರು. ಬೋರಮ್ಮ ಮಗುವಿನ ಬೆನ್ನು ತಟ್ಟುತ್ತಿದ್ದಳು. ಇನ್ನೊಮ್ಮೆ ಕೇಳಿದಾಗ ನೆಲ ನೋಡುತ್ತ ಹೇಳಿದಳು:

“ಅವರು ಉಂಡ ಮ್ಯಾಲೆ ನಾವು ಉಣ್ಣೋದು ರೂಢಿ. ಅವರು ಉಣ್ಣಲೇ ಇಲ್ಲ.”

ಓಬಳೇಶ ಎದ್ದು ಹೊರಗೆ ಹೋದ. ನಾನು ಎರಡು ತಿಂಗಳಿನಿಂದ ನನ್ನ ಹೊಟ್ಟೆಯೊಂದನ್ನೇ ನೋಡಿಕೊಂಡಿದ್ದೆ. ಅವಳು ತಟ್ಟೆ ಎತ್ತಿಟ್ಟು ಏನು ಮಾಡುತ್ತಿದ್ದಳು ಅಂತ ಒಂದು ದಿನವೂ ಕೇಳಿರಲಿಲ್ಲ. ಅವ್ವ ಒತ್ತಾಯ ಮಾಡಿದಾಗ ಅರ್ಧ ಮುದ್ದೆ ಉಣ್ಣುತ್ತಿದ್ದಳಂತೆ, ಅದೂ ಕದ್ದವಳ ಹಾಗೆ, ನಿಂತುಕೊಂಡು. ಮಗು ಸೈರನ್ ಊದಿದ್ದು ಯಾಕೆ ಅಂತ ನನಗೆ ಆಗ ಗೊತ್ತಾಯಿತು. ಕಂಬದ ಮೇಲೆ ತಲೆ ತಿರುಗಿದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಆ ಸಂಜೆ ದೀಪ ಹಚ್ಚುವ ಮೊದಲೇ ಊಟಕ್ಕೆ ಕೂತೆ. ಬೋರಮ್ಮ ತಟ್ಟೆ ಇಟ್ಟಳು. ನೀನೂ ತಟ್ಟೆ ತಗೊಂಡು ಕೂರು ಅಂದೆ. ಅವಳು ಅವ್ವನ ಕಡೆ ನೋಡಿದಳು. ಅತ್ತೆ ನಿಂತಿರುವಾಗ, ಗಂಡನ ಪಕ್ಕದಲ್ಲಿ ಕೂತು ಉಣ್ಣುವುದು ನಮ್ಮ ಮನೆಯಲ್ಲಿ ಎಂದೂ ನಡೆದದ್ದಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವ್ವನಿಗೆ ಹೇಳಿದೆ. ಅವ್ವ ಒಲೆಯ ಹತ್ತಿರ ನಿಂತೇ ಕೇಳಿಸಿಕೊಂಡಳು. ಆಮೇಲೆ, ಇಬ್ಬರೂ ಕೂತರೆ ಬಡಿಸೋರು ಯಾರು ಅಂತ ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ನಾನು ಎದ್ದು ಸಾರಿನ ಪಾತ್ರೆ, ಮುದ್ದೆಯ ಪಾತ್ರೆ ಎರಡನ್ನೂ ತಂದು ನಡುವೆ ಇಟ್ಟೆ. ಮೂರನೆಯ ತಟ್ಟೆಯನ್ನೂ ತಂದೆ.

ಅವ್ವ ತುಂಬ ಹೊತ್ತು ಕೂರಲಿಲ್ಲ. ಕೊನೆಗೆ ಮೊಳಕಾಲು ಹಿಡಿದುಕೊಂಡು ಕೂತಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ನುಂಗಿ, ಉಳಿದ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿದಳು.

“ಬಿಸಿ ಮುದ್ದೆ ಇಷ್ಟು ಮೆತ್ತಗೆ ಇರ್ತೈತಾ?” ಅಂದಳು.

ಮೊದಲು ನನಗೆ ಅರ್ಥವಾಗಲಿಲ್ಲ. ನಮ್ಮ ಮನೆತನದಲ್ಲಿ ನಲವತ್ತು ವರ್ಷ ಮುದ್ದೆ ತೊಳಸಿದವಳು ಅವ್ವನೇ. ಮೊದಲು ಉಣ್ಣುವವರು ಅವಳ ಮಾವ, ಆಮೇಲೆ ನಮ್ಮಪ್ಪ, ಆಮೇಲೆ ನಾವು ಮಕ್ಕಳು, ಆಮೇಲೆ ಬಂದು ಹೋಗುವವರು. ಅವಳ ಸರದಿ ಬರುವಷ್ಟರಲ್ಲಿ ಮುದ್ದೆ ಆರಿ, ಮೇಲೆ ಸಿಪ್ಪೆ ಕಟ್ಟಿರುತ್ತಿತ್ತು. ನಾನು ತಟ್ಟೆ ನೋಡಿಕೊಂಡು ಉಂಡೆ. ಬೋರಮ್ಮ ಅವ್ವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಅವ್ವ ಬೇಡ ಅನ್ನಲಿಲ್ಲ.

ಮಿಕ್ಕದ್ದು ನಿಧಾನದ ಕಥೆ, ಹೇಳಲಿಕ್ಕೆ ಅಂಥ ಸೊಗಸಿಲ್ಲ. ಸೆಕ್ಷನ್ ಆಫೀಸರಿಗೆ ಎಲ್ಲ ಒಪ್ಪಿಸಿದೆ. ಅವರು ಆರು ತಿಂಗಳು ನನ್ನನ್ನು ಕಂಬ ಹತ್ತಿಸದೆ, ಲೈನ್ ನೋಡಿಕೊಂಡು ನಡೆಯುವ ಕೆಲಸಕ್ಕೆ ಹಾಕಿದರು. ಮೊಪೆಡ್ಡನ್ನು ಮನೆಯಲ್ಲೇ ಬಿಟ್ಟೆ. ವರವು ಕಾವಲಿಗೆ ಆಗ ಬೇಲಿಯಿರಲಿಲ್ಲ, ಕಣ್ಣು ಹಾಯಿಸಿದಷ್ಟೂ ಹುಲ್ಲು. ಕಂಬದಿಂದ ಕಂಬಕ್ಕೆ ನಡೆಯುತ್ತ ಹೋದರೆ ದೂರದಲ್ಲಿ ಕೃಷ್ಣಮೃಗಗಳು ತಲೆಯೆತ್ತಿ ನೋಡಿ, ಇವನೇನು ಓಡುವವನಲ್ಲ ಅಂತ ಮತ್ತೆ ಮೇಯುತ್ತಿದ್ದವು. ಡಾಕ್ಟರಮ್ಮ ಹೇಳಿದಂತೆ ಒಂದು ಭಾನುವಾರ ಓಬಳೇಶನ ಹಟ್ಟಿಗೆ ಹೋದೆ. ಆ ಪುಣ್ಯಾತ್ಮ ಬೆಳಿಗ್ಗೆಯಿಂದ ಸಂಜೆಯವರೆಗೆ ಉಣ್ಣುವಾಗ ಬಿಟ್ಟರೆ ಕೂರಲಿಲ್ಲ. ಕುರಿ ಹೊಡೆದ, ನೀರು ಸೇದಿದ, ಬೇಲಿ ಕಟ್ಟಿದ, ನನ್ನ ಜೊತೆ ಮಾತಾಡುವಾಗಲೂ ಅಂಗಳದಲ್ಲಿ ಅತ್ತಿಂದಿತ್ತ ನಡೆದ. ಅವನನ್ನು ನೋಡಿ ನೋಡಿಯೇ ನನಗೆ ಸುಸ್ತಾಯಿತು. ಬುತ್ತಿಯ ದಿನ ಕೂಗಿದ್ದಕ್ಕೆ ತಪ್ಪಾಯಿತು ಅಂದೆ. ಹಸಿದೋನ ಮಾತು ಯಾರು ಲೆಕ್ಕಕ್ಕಿಡ್ತಾರೆ ಅಂತ ಅವನು ಕುರಿಮರಿ ಹುಡುಕಲು ಹೋದ.

ಮೊದಲ ತಿಂಗಳು ತೂಕ ಒಂದು ಕೇಜಿ ಏರಿತು. ಹೆದರಿದೆ, ಡಾಕ್ಟರಮ್ಮ ಹೆದರಲಿಲ್ಲ. ಎರಡನೆಯ ತಿಂಗಳು ಒಂದು ಇಳಿಯಿತು, ಮೂರನೆಯದು ಒಂದೂವರೆ. ನಡುವೆ ಒಂದು ತಿಂಗಳು ಏನೂ ಇಲ್ಲ. ಬಜ್ಜಿಯನ್ನು ಪೂರ್ತಿ ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ವಾರಕ್ಕೊಂದು ಸಲ, ಗಾಡಿಯವನಿಂದ ಎರಡು ಮಾತು ಅನ್ನಿಸಿಕೊಂಡು ತಿನ್ನುತ್ತಿದ್ದೆ. ಮಗಳ ಕೆನ್ನೆ ಮಾತ್ರ ಹದಿನೈದೇ ದಿನದಲ್ಲಿ ತುಂಬಿತು. ವರ್ಷ ತಿರುಗುವಷ್ಟರಲ್ಲಿ ಎಪ್ಪತ್ತನಾಲ್ಕಕ್ಕೆ ಬಂದು ನಿಂತೆ. ಅಲ್ಲಿಂದ ಕೆಳಗೆ ನನ್ನ ಮೈ ಇಳಿಯಲೂ ಇಲ್ಲ, ನಾನು ಕೇಳಲೂ ಇಲ್ಲ. ಕಂಬ ಹತ್ತಿದೆ. ಅಳಿಲಿನ ಹಾಗಲ್ಲ, ಮನುಷ್ಯನ ಹಾಗೆ.

ಆ ವರ್ಷದ ಕೊನೆಗೆ ಡಾಕ್ಟರಮ್ಮನಿಗೆ ತೋರಿಸಲು ಹೋದಾಗ ಅವ್ವನೂ ಜೊತೆಗೆ ಬಂದಳು. ಶುರುವಿನಲ್ಲಿ ಅವಳ ಮೊಳಕಾಲು ನೋವಿಗೆಂದು ಕರೆದುಕೊಂಡು ಹೋಗಿದ್ದಾಗ ಅವರು ಅವಳನ್ನೂ ತೂಗಿ ಚೀಟಿಯಲ್ಲಿ ಬರೆದಿದ್ದರು: ಮೂವತ್ತೆಂಟು. ಜೀವಮಾನದಲ್ಲಿ ಅವಳು ತೂಕದ ಮಿಷನ್ ಹತ್ತಿದ್ದು ಅದೇ ಮೊದಲು. ಈಗ ಮತ್ತೆ ಹತ್ತಿಸಿದರು. ನಲವತ್ತೆರಡು. ಡಾಕ್ಟರಮ್ಮ ನನ್ನ ಒಂಬತ್ತು ಕೇಜಿಗೆ ಸುಮ್ಮನೆ ತಲೆಯಾಡಿಸಿದವರು ಅವ್ವನ ಚೀಟಿ ನೋಡಿ ಕನ್ನಡಕ ತೆಗೆದು ನಕ್ಕರು.

ಹೊರಗೆ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಅವ್ವನಿಗೆ ಅವರಲ್ಲಿ ಯಾರೂ ಪರಿಚಯವಿರಲಿಲ್ಲ. ನಾನು ಔಷಧಿ ಚೀಟಿ ಮಡಚಿ ಜೇಬಿಗಿಡುತ್ತಿದ್ದೆ. ಅವ್ವ ಸೆರಗು ಸರಿಮಾಡಿಕೊಂಡು ಅವರೆದುರು ನಿಂತು, ಯಾರೂ ಕೇಳದಿದ್ದರೂ ಹೇಳಿದಳು:

“ನನ್ನ ಮಗ ಒಂಬತ್ತು ಕೇಜಿ ಕಳಕೊಂಡ ಕಣ್ರವ್ವ. ಅದ್ರಾಗೆ ನಾಲ್ಕು ನನಗೆ ಸಿಕ್ತು.”